ಎತ್ತಿಗೆ ಜ್ವರ, ಎಮ್ಮೆಗೆ ಬರೆ: ದುರಂತದ ನಂತರದ ದ್ವೇಷವನ್ನು ಫ್ಯಾಂಟಸಿ ಕಾದಂಬರಿಯಲ್ಲಿ ಬರೆಯುವುದು ಹೇಗೆ?

ತೆಪ್ಪದಹುಟ್ಟು (ಪ್ರಶ್ನೆ):

ಸಾಹಸ ಕಾದಂಬರಿಯೊಂದರ ಎರಡನೇ ಕರಡಿಗೆ ಸಲಹೆ ಬೇಕು. ಕಥೆಯ ಎಲುಬು ಇಷ್ಟು.

ಅಣೆಸೀಮೆ ಎಂಬ ಕಲ್ಪಿತ ರಾಜ್ಯ. ರಾಜಧಾನಿಯ ಮೇಲ್ಗಡೆ 300 ವರ್ಷ ಹಳೆಯ ಅಣೆಕಟ್ಟು. ಹಬ್ಬದ ರಾತ್ರಿ ಅದರ ದೊಡ್ಡ ತೂಬು ಕಿತ್ತುಹೋಗಿ ಕೆಳಪೇಟೆ ಮುಳುಗುತ್ತದೆ, 4,000 ಜನ ಸಾಯುತ್ತಾರೆ. ಊರಿನಲ್ಲಿ ನದಿ ದಾಟಿಸುವ ಕೆಲಸ ಹರಿಗೋಲಿಗರದು. ಅವರು ಮೂರು ತಲೆಮಾರಿನ ಹಿಂದೆ ಮೇಲ್ದಂಡೆಯ ವೈರಿ ನಾಡಿನಿಂದ ಬಂದವರು, ಮನೆಯಲ್ಲಿ ಬೇರೆ ಮಾತು. ಅವರಲ್ಲಿ ಕೆಲವರಿಗೆ ಕೈಸನ್ನೆಯಿಂದ ನೀರೆತ್ತುವ ವಿದ್ಯೆ ಇದೆ. ನಾಯಕಿ ನೀಲಿ, 15 ವರ್ಷದ ಹರಿಗೋಲಿಗರ ಹುಡುಗಿ. ಆರನೇ ಅಧ್ಯಾಯದಲ್ಲಿ, ಪ್ರವಾಹದ ಮರುದಿನ ಬೆಳಿಗ್ಗೆಯೇ, ಜನ ಆ ಕೇರಿಗೆ ಬೆಂಕಿಯಿಡುತ್ತಾರೆ. ನೀಲಿ ತಪ್ಪಿಸಿಕೊಂಡು ನದಿಯ ಮೂಲಕ್ಕೆ ಹೊರಡುತ್ತಾಳೆ. ಕೊನೆಯಲ್ಲಿ ತೂಬು ಒಡೆಸಿದ್ದು ಮಂತ್ರಿ ಎಂದು ಗೊತ್ತಾಗುತ್ತದೆ, ರಾಜ ಕ್ಷಮೆ ಕೇಳುತ್ತಾನೆ, ಊರು ಒಂದಾಗುತ್ತದೆ.

ಕರಡು ಓದಿದ ಮೂವರೂ ಹೇಳಿದ್ದು ಒಂದೇ: ನದಿಯ ಪಯಣ ಜೀವಂತವಾಗಿದೆ, ಊರಿನ ಭಾಗ ಬೊಂಬೆಯಾಟದಂತಿದೆ. ಇಂಥದ್ದು ನಿಜವಾಗಿ ಹೇಗೆ ನಡೆದಿತ್ತು ಎಂದು ಬಲ್ಲವರು ಹೇಳಿ. ದುರಂತದ ಸಿಟ್ಟು ಒಂದು ಸಮುದಾಯದ ಮೇಲೆ ತಿರುಗಲು ಎಷ್ಟು ದಿನ ಬೇಕು? ಅರಮನೆ ಯಾವ ಹಂತದಲ್ಲಿ, ಯಾವ ಕಾಗದ ಹಿಡಿದು ಒಳಗೆ ಬರುತ್ತದೆ? ನೀರೆತ್ತುವ ವಿದ್ಯೆ ಇರಲೋ ಬೇಡವೋ? ಕೊನೆಯ ಕ್ಷಮೆ ಯಾಕೆ ಸಪ್ಪೆ ಅನ್ನಿಸುತ್ತದೆ?

ಹಳೆಗಡತ:

ಮೊದಲ ತೊಂದರೆ ಅವಸರ. ಅಮೆರಿಕದ ಜಪಾನೀಯರಿಗೆ 1942ರಲ್ಲಿ ಆದದ್ದರ ದಿನಚರಿ ನೋಡಿ. ನಿಮ್ಮ ಕಥೆಗೆ ಅದಕ್ಕಿಂತ ಹತ್ತಿರದ ಮಾದರಿ ಸಿಗಲಿಕ್ಕಿಲ್ಲ, ಯಾಕೆಂದರೆ ಅಲ್ಲಿ ಪ್ರತಿ ಹೆಜ್ಜೆಗೂ ಕಾಗದ ಉಳಿದಿದೆ.

ಹವಾಯಿಯಲ್ಲಿನ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನಿನ ದಾಳಿ ನಡೆದದ್ದು 1941ರ ಡಿಸೆಂಬರ್ 7ರಂದು. ಸತ್ತವರು 2,400ಕ್ಕೂ ಹೆಚ್ಚು. ಪಶ್ಚಿಮ ಕರಾವಳಿಯ ಜಪಾನೀಯರನ್ನು ಎತ್ತಂಗಡಿ ಮಾಡಲು ದಾರಿ ಮಾಡಿದ 9066ನೇ ಆದೇಶಕ್ಕೆ ಅಧ್ಯಕ್ಷ ರೂಸ್ವೆಲ್ಟ್ ಸಹಿ ಹಾಕಿದ್ದು 1942ರ ಫೆಬ್ರವರಿ 19ರಂದು. ನಡುವೆ 74 ದಿನ. ಮೊದಲ ವಾರಗಳಲ್ಲಿ 'ಇವರು ಇಲ್ಲೇ ಹುಟ್ಟಿದವರು, ದುಡುಕಬೇಡಿ' ಎಂದು ಪತ್ರಿಕೆಗಳು ಸಂಪಾದಕೀಯ ಬರೆದದ್ದೂ ಉಂಟು. ನೌಕಾಖಾತೆಯ ಕಾರ್ಯದರ್ಶಿ ಡಿಸೆಂಬರ್ ಮಧ್ಯದಲ್ಲೇ 'ಹವಾಯಿಯಲ್ಲಿ ಒಳಸಂಚು ನಡೆದಿತ್ತು' ಎಂದುಬಿಟ್ಟಿದ್ದರು. ಜನವರಿ ಕೊನೆಗೆ ಬಂದ, ದಾಳಿಯ ತನಿಖೆ ನಡೆಸಿದ ರಾಬರ್ಟ್ಸ್ ಆಯೋಗದ ವರದಿ ಅಲ್ಲಿ ಗೂಢಚಾರರಿದ್ದರು ಎಂದಿತು. ಗಾಳಿ ತಿರುಗಿದ್ದು ಆಗ. ಮೊದಲ ದಿನ ಜನರ ಎದೆಯಲ್ಲಿದ್ದದ್ದು ದುಃಖ ಮತ್ತು ದಿಗಿಲು. ಅದಕ್ಕೊಂದು ವಿಳಾಸ ಕೊಡುವ ಕೆಲಸ ಆಮೇಲೆ ನಡೆಯಿತು, ಮತ್ತು ದೊಡ್ಡ ಕುರ್ಚಿಯಲ್ಲಿದ್ದವರಿಂದ ನಡೆಯಿತು.

ಮೊದಲ ರಾತ್ರಿಯೇ ನಡೆದದ್ದು ಒಂದೇ: ಪಟ್ಟಿ ಹಿಡಿದು ಬಂಧನ. ಮೀನುಗಾರರು, ಜಪಾನೀ ಭಾಷೆ ಕಲಿಸುವ ಮೇಷ್ಟ್ರು, ಬೌದ್ಧ ಪುರೋಹಿತರು, ಪತ್ರಿಕೆ ನಡೆಸುವವರು. ಆ ಪಟ್ಟಿ ದಾಳಿಗಿಂತ ಮುಂಚೆಯೇ ತಯಾರಾಗಿತ್ತು. ಇದನ್ನು ನಿಮ್ಮ ಕಥೆಯಲ್ಲಿ ತಪ್ಪದೆ ಬಳಸಿ. ತೂಬು ಒಡೆಯುವ ಹತ್ತು ವರ್ಷ ಮೊದಲೇ ಹರಿಗೋಲಿಗರ ಮನೆ, ತಲೆ, ದೋಣಿ ಎಲ್ಲದರ ಲೆಕ್ಕ ಒಂದು ಕಡತದಲ್ಲಿರಲಿ. ಸುಂಕ ವಸೂಲಿಗೆಂದು ಬರೆದ ಕಡತವೇ ಇರಲಿ. ಮೊದಲ ಅಧ್ಯಾಯದಲ್ಲಿ ನೀಲಿ ಅದಕ್ಕೆ ಹೆಬ್ಬೆಟ್ಟು ಒತ್ತಲಿ. ಓದುಗ ಅದನ್ನು ಮರೆತಿರುತ್ತಾನೆ, ಅರಮನೆ ಮರೆತಿರುವುದಿಲ್ಲ.

ಇನ್ನು ಕಾಗದದ ಭಾಷೆ. 9066ನೇ ಆದೇಶದಲ್ಲಿ 'ಜಪಾನೀ' ಎಂಬ ಪದವೇ ಇಲ್ಲ. ಸೇನೆ ಗುರುತಿಸಿದ ಪ್ರದೇಶದಿಂದ 'ಯಾರನ್ನಾದರೂ ಅಥವಾ ಎಲ್ಲರನ್ನೂ' ಹೊರಹಾಕಬಹುದು ಎಂದಷ್ಟೇ ಇದೆ. ಯಾರ ಮೇಲೆ ಬೀಳುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಕಂಬಗಳಿಗೆ ಅಂಟಿಸಿದ ನೋಟಿಸಿನಲ್ಲಿ 'ಪರದೇಶೀಯರು ಮತ್ತು ಪರದೇಶೀಯರಲ್ಲದವರು' ಎಂದಿತ್ತು. ಪರದೇಶೀಯರಲ್ಲದವರು ಅಂದರೆ ಅಲ್ಲೇ ಹುಟ್ಟಿದ ಪ್ರಜೆಗಳು. 'ಪ್ರಜೆ' ಎಂದು ಬರೆದರೆ ಆ ಆದೇಶ ತನ್ನ ಬಾಯಿಂದಲೇ ತಪ್ಪೊಪ್ಪಿಕೊಂಡಂತೆ ಆಗುತ್ತಿತ್ತು. ನಿಮ್ಮ ಕರಡಿನಲ್ಲಿ ಡಂಗುರದವನು 'ದ್ರೋಹಿ ಹರಿಗೋಲಿಗರು' ಎಂದು ಕೂಗುತ್ತಾನಲ್ಲ, ಅದನ್ನು ತೆಗೆದುಬಿಡಿ. 'ನದಿಯಿಂದ 200 ಮಾರಿನೊಳಗೆ ವಾಸಿಸುವವರು, ದೋಣಿಯುಳ್ಳವರೂ ದೋಣಿಯಿಲ್ಲದವರೂ' ಎಂದು ಕೂಗಲಿ. ಓದುಗನ ಮೈ ಜುಮ್ಮೆನ್ನುವುದು ಅಲ್ಲಿ.

ಗಡುವು ಎಷ್ಟು ಕೊಡುತ್ತಾರೆ? ಮೊದಲ ಎತ್ತಂಗಡಿ ವಾಷಿಂಗ್ಟನ್ ರಾಜ್ಯದ ಬೇನ್‌ಬ್ರಿಜ್ ದ್ವೀಪದಲ್ಲಿ. ಮಾರ್ಚ್ 24ಕ್ಕೆ ನೋಟಿಸು, 30ಕ್ಕೆ ದೋಣಿ ಹತ್ತಬೇಕು, ಆರು ದಿನ. ಕೈಯಲ್ಲಿ ಹೊರುವಷ್ಟು ಮಾತ್ರ ಸಾಮಾನು: ಹಾಸಿಗೆ, ಬಟ್ಟೆ, ತಟ್ಟೆ, ಚಮಚ. ಸಾಕುಪ್ರಾಣಿ ತರುವಂತಿಲ್ಲ. ಕುಟುಂಬಕ್ಕೊಂದು ಸಂಖ್ಯೆ, ಆ ಸಂಖ್ಯೆಯ ಚೀಟಿ ಕೋಟಿನ ಗುಂಡಿಗೂ ಪೆಟ್ಟಿಗೆಗೂ. ಆ ದ್ವೀಪದ ಜಪಾನೀಯರಲ್ಲಿ ಹಲವರು ಸ್ಟ್ರಾಬೆರಿ ಬೆಳೆಗಾರರು, ಕೊಯ್ಲಿಗೆ ಎರಡು-ಮೂರು ತಿಂಗಳಿತ್ತು. ಇಂಥ ಆರು ದಿನದಲ್ಲಿ ಗುಜರಿಯವರು ಬೀದಿ ಬೀದಿ ಸುತ್ತಿ ಹೊಲಿಗೆಯಂತ್ರ, ಪಿಯಾನೊ, ಟ್ರಕ್ಕು ಎಲ್ಲವನ್ನೂ ಚಿಲ್ಲರೆ ಕಾಸಿಗೆ ಎತ್ತಿಕೊಂಡು ಹೋಗುತ್ತಾರೆ. ಬೆಂಕಿ ಹಚ್ಚುವ ದೃಶ್ಯದ ಬದಲು ಈ ಆರು ದಿನ ಬರೆಯಿರಿ. ನೀಲಿಯ ಅಪ್ಪ ಹೊಸ ಹರಿಗೋಲನ್ನು ಎಷ್ಟಕ್ಕೆ ಮಾರಿದ, ಕೊಂಡವನು ಕಣ್ಣಲ್ಲಿ ಕಣ್ಣಿಟ್ಟು ನೋಡಿದನೋ ಇಲ್ಲವೋ, ಅದೇ ದೃಶ್ಯ.

ಲಾಭದ ಲೆಕ್ಕವನ್ನು ಬಿಡಬೇಡಿ. ಸಲಿನಾಸ್ ಕಣಿವೆಯ ತರಕಾರಿ ಬೆಳೆಗಾರರ ಸಂಘದ ಕಾರ್ಯದರ್ಶಿಯೊಬ್ಬ 1942ರಲ್ಲೇ ಪತ್ರಿಕೆಗೆ ಬಿಚ್ಚಿ ಹೇಳಿದ: ಸ್ವಾರ್ಥಕ್ಕಾಗಿ ಇವರನ್ನು ಓಡಿಸುತ್ತಿದ್ದೀರಿ ಅನ್ನುತ್ತಾರೆ, ಹೌದು, ನಿಜ. ದಾಳಿ ನಡೆದದ್ದು ಹವಾಯಿಯಲ್ಲಿ. ಅಲ್ಲಿ ಜಪಾನೀ ಮೂಲದವರು ಜನಸಂಖ್ಯೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು, ಅವರಿಲ್ಲದೆ ದುಡಿಮೆಯೇ ನಿಲ್ಲುತ್ತಿತ್ತು. ಹಾಗಾಗಿ ಅಲ್ಲಿ ಸಾಮೂಹಿಕ ಎತ್ತಂಗಡಿ ನಡೆಯಲಿಲ್ಲ. ಬಾಂಬ್ ಬೀಳದ ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜನರನ್ನು ಶಿಬಿರಗಳಿಗೆ ಹಾಕಿದರು. ನಿಮ್ಮ ರಾಜಧಾನಿಗೂ ಇದೇ ಪ್ರಶ್ನೆ ಹಾಕಿ: ಹರಿಗೋಲಿಗರು ಹೋದರೆ ಕಡವಿನ ಹಕ್ಕು ಯಾರಿಗೆ? ಇದಕ್ಕೆ ಉತ್ತರ ಸಿಕ್ಕಿತೆಂದರೆ ನಿಮ್ಮ ಮಂತ್ರಿಯ ಅರ್ಧ ಕೆಲಸ ಬೇರೆಯವರು ಮಾಡುತ್ತಾರೆ.

ಕಿವಿಮಾತು:

ಮೇಲಿನದು ಅರಮನೆಯ ದಾರಿ. ಬೀದಿಯ ದಾರಿ ಬೇರೆ, ಅದು 74 ದಿನ ಕಾಯುವುದಿಲ್ಲ. ಜಪಾನಿನ ಕಾಂತೊ ಭೂಕಂಪ ನೋಡಿ: 1923ರ ಸೆಪ್ಟೆಂಬರ್ 1, ಮಧ್ಯಾಹ್ನ 11:58. ಊಟದ ಹೊತ್ತು, ಒಲೆಗಳು ಉರಿಯುತ್ತಿದ್ದವು, ಟೋಕಿಯೊ ಮತ್ತು ಯೊಕೊಹಾಮಾ ಸುಟ್ಟುಹೋದವು. ಸತ್ತವರೂ ಕಾಣೆಯಾದವರೂ ಸೇರಿ ಒಂದು ಲಕ್ಷ ದಾಟಿತು. ಅದೇ ಸಂಜೆ ಗಾಳಿಮಾತು ಎದ್ದಿತು: ಕೊರಿಯನ್ನರು ಬೆಂಕಿ ಹಚ್ಚುತ್ತಿದ್ದಾರೆ, ಬಾವಿಗೆ ವಿಷ ಹಾಕುತ್ತಿದ್ದಾರೆ.

ಅದು ಅಷ್ಟು ಬೇಗ ಹಬ್ಬಿದ್ದಕ್ಕೆ ಕಾರಣಗಳು ಬಿಡಿಬಿಡಿಯಾಗಿ ಸಿಗುತ್ತವೆ, ಎಲ್ಲವೂ ನಿಮಗೆ ಬೇಕಾದವೇ. ಟೋಕಿಯೊದ ಬಹುಪಾಲು ಪತ್ರಿಕಾ ಕಚೇರಿಗಳು ಸುಟ್ಟಿದ್ದವು. ಸುದ್ದಿ ಇಲ್ಲದ ಕಡೆ ಓಡಿಬಂದವರ ಮಾತೇ ಸುದ್ದಿ, ಹೊರಜಿಲ್ಲೆಯ ಪತ್ರಿಕೆಗಳು ಅದನ್ನೇ ಅಚ್ಚು ಹಾಕಿದವು. ಸೆಪ್ಟೆಂಬರ್ 2ಕ್ಕೆ ಸೇನಾಡಳಿತ ಬಂತು. 3ರ ಬೆಳಿಗ್ಗೆ ಗೃಹಖಾತೆಯ ಪೊಲೀಸ್ ವಿಭಾಗ ಫುನಬಾಶಿಯ ನೌಕಾ ರೇಡಿಯೊ ಕೇಂದ್ರದಿಂದ ಎಲ್ಲ ಜಿಲ್ಲೆಗಳಿಗೆ ತಂತಿ ಕಳಿಸಿತು: ಕೊರಿಯನ್ನರು ಬೆಂಕಿ ಹಚ್ಚುತ್ತಿದ್ದಾರೆ, ಕಟ್ಟೆಚ್ಚರ ಇರಲಿ. ಸರ್ಕಾರಿ ಮುದ್ರೆ ಬಿದ್ದ ಮೇಲೆ ಅದು ಗಾಳಿಮಾತಾಗಿ ಉಳಿಯಲಿಲ್ಲ. 5ನೇ ತಾರೀಕು ಪ್ರಧಾನಿ 'ಕೊರಿಯನ್ನರನ್ನು ಹಿಂಸಿಸಬೇಡಿ' ಎಂದು ಪ್ರಕಟಣೆ ಹೊರಡಿಸುವ ಹೊತ್ತಿಗೆ ಊರೂರಲ್ಲಿ ಕಾವಲುಪಡೆಗಳು ಬಿದಿರಿನ ಭರ್ಜಿ ಹಿಡಿದು ದಾರಿ ಅಡ್ಡಗಟ್ಟಿದ್ದವು. ಕೊಂದದ್ದರ ಸರ್ಕಾರಿ ಲೆಕ್ಕ ಕೆಲವು ನೂರು, ಸಂಶೋಧಕರ ಅಂದಾಜು 6,000ದವರೆಗೂ ಹೋಗುತ್ತದೆ.

ಭಯ ಎಲ್ಲಿಂದ ಬಂದಿತ್ತು? ಜಪಾನ್ 1910ರಲ್ಲಿ ಕೊರಿಯಾವನ್ನು ನುಂಗಿತ್ತು, 1919ರಲ್ಲಿ ಅಲ್ಲಿ ಸ್ವಾತಂತ್ರ್ಯ ಚಳವಳಿಯನ್ನು ತುಳಿದಿತ್ತು. ಭೂಕಂಪದ ದಿನ ಗೃಹಮಂತ್ರಿಯಾಗಿದ್ದ ಮಿಝುನೊ ರೆಂತಾರೊ ಅದೇ 1919ರಲ್ಲಿ ಕೊರಿಯಾದ ಆಡಳಿತಕ್ಕೆ ಹೋದಾಗ ಸೋಲ್ ನಿಲ್ದಾಣದಲ್ಲಿ ಬಾಂಬ್ ಎದುರಿಸಿದ್ದವರು. ಹೊಡೆದವನಿಗೇ ಹೆದರಿಕೆ ಹೆಚ್ಚು: ತಾನು ಮಾಡಿದ್ದಕ್ಕೆ ಅವರು ಸೇಡು ತೀರಿಸಿಯೇ ತೀರುತ್ತಾರೆ ಎಂಬ ಲೆಕ್ಕ ಅವನೊಳಗೆ ಮೊದಲೇ ಕೂತಿರುತ್ತದೆ. ಅಣೆಸೀಮೆ ಹರಿಗೋಲಿಗರಿಗೆ ಹಿಂದೆ ಏನು ಮಾಡಿತ್ತು? ಕರಡಿನಲ್ಲಿ ಅದಕ್ಕೆ ಉತ್ತರವಿಲ್ಲ. ಅಣೆಕಟ್ಟು ಕಟ್ಟುವಾಗ ಮುಳುಗಿದ್ದು ಮೇಲ್ದಂಡೆಯಲ್ಲಿದ್ದ ಅವರ ಪೂರ್ವಜರ ಹಳ್ಳಿಗಳೇ ಎಂದಿಟ್ಟುಕೊಳ್ಳಿ, ಊರಿನ ಭಯಕ್ಕೆ ಬೇರು ಸಿಗುತ್ತದೆ.

ಗಾಳಿಮಾತಿಗೆ ಪುರಾವೆ ಬೇಕಾಗುತ್ತದೆ, ಕಣ್ಣೆದುರಿನದೇ ಪುರಾವೆಯಾಗುತ್ತದೆ. ಟೋಕಿಯೊದಲ್ಲಿ ಮನೆಗೋಡೆಗಳ ಮೇಲಿನ ಸೀಮೆಸುಣ್ಣದ ಗುರುತುಗಳನ್ನು 'ವಿಷ ಹಾಕಬೇಕಾದ ಬಾವಿಯ ಸಂಕೇತ' ಎಂದರು. ಕಕ್ಕಸು ಬಳಿಯುವವರು ತಮ್ಮ ಗಿರಾಕಿ ಮನೆಗಳನ್ನು ನೆನಪಿಡಲು ಹಾಕಿದ್ದ ಗುರುತು ಅವು. ಮೊದಲೂ ಇದ್ದವು, ಯಾರೂ ನೋಡಿರಲಿಲ್ಲ. 'ಬೆಂಕಿ ಇಲ್ಲದೆ ಹೊಗೆ ಏಳುತ್ತದೆಯೇ' ಎನ್ನುವ ಮುದುಕನನ್ನು ನಿಮ್ಮ ಚಾವಡಿಯಲ್ಲಿ ಕೂರಿಸಿ. ದುಷ್ಟನನ್ನು ಕೂರಿಸಬೇಡಿ, ನೀಲಿಗೆ ಚಿಕ್ಕಂದಿನಲ್ಲಿ ಬೆಲ್ಲ ಕೊಡುತ್ತಿದ್ದ ಮುದುಕನೇ ಆಗಿರಲಿ.

ಆಮೇಲೆ ಮಾತಿನ ಪರೀಕ್ಷೆ. ಕಾವಲುಪಡೆಯವರು ದಾರಿಹೋಕರನ್ನು ನಿಲ್ಲಿಸಿ 'ಜೂಗೊಎನ್ ಗೊಜಿಸ್ಸೆನ್' ಅನ್ನಿ ಎನ್ನುತ್ತಿದ್ದರು. ಅರ್ಥ, 15 ಯೆನ್ 50 ಸೆನ್. ಕೊರಿಯನ್ ಭಾಷೆಯಲ್ಲಿ ಪದದ ಮೊದಲಲ್ಲಿ ಜ, ಗ ಘೋಷವಾಗಿ ಬರುವುದಿಲ್ಲ, 'ಚೂಕೊ... ಕೊಚಿ...' ಎಂದು ಹೊರಳುತ್ತದೆ. ತಮಿಳು ಮನೆಮಾತಿನವರ ಕನ್ನಡದಲ್ಲಿ ಗ-ಕ ಅದಲುಬದಲಾಗುವುದನ್ನು ಕೇಳಿದ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಲಿಪಿ ಆ ವ್ಯತ್ಯಾಸವನ್ನು ನೇರ ಕಣ್ಣಿಗೆ ತೋರಿಸುವುದರಿಂದ ನಿಮಗೆ ವಿವರಣೆಯೂ ಬೇಡ. ನೀಲಿ ಕಾವಲುಗಟ್ಟೆಯಲ್ಲಿ 'ಗಡುವು' ಎನ್ನುವ ಬದಲು 'ಕಡುವು' ಎಂದರೆ ಸಾಕು, ಪುಟದ ಮೇಲೆ ಒಂದೇ ಅಕ್ಷರದ ಅಂತರ.

ಆದರೆ ಆ ಪರೀಕ್ಷೆ ಕೆಲಸವನ್ನೇ ಸರಿಯಾಗಿ ಮಾಡುವುದಿಲ್ಲ, ಅದನ್ನೂ ತೋರಿಸಿ. ಸೆಪ್ಟೆಂಬರ್ 6ರಂದು ಚಿಬಾ ಪ್ರಾಂತ್ಯದ ಫುಕುದಾ ಹಳ್ಳಿಯಲ್ಲಿ, ತೊನೆ ನದಿಯ ಕಡವಿನ ಹತ್ತಿರ, ದೂರದ ಕಾಗವಾ ಪ್ರಾಂತ್ಯದಿಂದ ಬಂದಿದ್ದ 15 ಜನ ಔಷಧಿ ಮಾರಾಟಗಾರರನ್ನು ತಡೆದರು. ಎಲ್ಲರೂ ಜಪಾನೀಯರೇ. ಅವರ ಆಡುಮಾತು ಊರಿನವರ ಕಿವಿಗೆ ಬೇರೆಯಾಗಿ ಕೇಳಿಸಿತು. ಒಂಬತ್ತು ಜನರನ್ನು ಕೊಂದರು, ಮಕ್ಕಳೂ ಒಬ್ಬ ಗರ್ಭಿಣಿಯೂ ಸೇರಿ. ನಿಮ್ಮ ಕಥೆಯಲ್ಲೂ ಕಾವಲುಗಟ್ಟೆಯಲ್ಲಿ ಮೊದಲು ಸಾಯುವವನು ಹರಿಗೋಲಿಗನಾಗದೆ ಗಡಿಸೀಮೆಯ ಸ್ವಂತ ಜನರಲ್ಲೊಬ್ಬನಾಗಿದ್ದರೆ ಚೆನ್ನು.

ಕ್ಯುಸೆಕ್ಕು:

ವಿದ್ಯೆಯ ಪ್ರಶ್ನೆಗೆ ನನ್ನ ಉತ್ತರ: ಈಗ ಇರುವಂತೆ ಇದ್ದರೆ ಅದು ಕಾದಂಬರಿಯ ಅಡಿಪಾಯವನ್ನೇ ತೆಗೆಯುತ್ತದೆ. ಹರಿಗೋಲಿಗರಿಗೆ ನದಿಯನ್ನೇ ಎತ್ತುವ ಶಕ್ತಿ ಇದ್ದರೆ ಊರಿನವರ ಭಯ ನ್ಯಾಯವಾದದ್ದೇ ಆಗಿಬಿಡುತ್ತದೆ. ಇತಿಹಾಸದಲ್ಲಿ ಈ ಅಪವಾದ ಹೊತ್ತವರಿಗೆ ಅಂಥ ಶಕ್ತಿ ಇರಲಿಲ್ಲ, ಅದಿದೆ ಎಂದು ಬೇರೆಯವರು ನಂಬಿದ್ದರು. ಅನೇಕ ಫ್ಯಾಂಟಸಿ ಕಥೆಗಳು ಎಡವುವುದು ಇಲ್ಲೇ: ಪೀಡಿತರನ್ನು ಮಂತ್ರಶಕ್ತಿಯವರನ್ನಾಗಿ ಮಾಡಿ, ಆಮೇಲೆ ಅವರಿಗೆ ಹೆದರಬಾರದಿತ್ತು ಅನ್ನುತ್ತವೆ.

ವಿದ್ಯೆ ಇರಲಿ, ಅಳತೆ ಹಾಕಿ. ಅತಿ ಸಮರ್ಥರು ಒಂದು ಸಲಕ್ಕೆ ಒಂದು ಕೊಡ ನೀರು, ಸುಮಾರು 14 ಲೀಟರ್, ಎತ್ತಬಲ್ಲರು, ಆಮೇಲೆ ಸುಸ್ತಾಗಿ ಕೂರುತ್ತಾರೆ. ಒಂದು ಕ್ಯುಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್, ಎರಡು ಕೊಡ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋದಾಗ ಆ ಒಂದೇ ಕಿಂಡಿಯಿಂದ ಹರಿದದ್ದು ಸುಮಾರು 35,000 ಕ್ಯುಸೆಕ್. ಕೊಡದ ಲೆಕ್ಕದಲ್ಲಿ ಪ್ರತಿ ಸೆಕೆಂಡಿಗೆ 70,000. ಹರಿಗೋಲಿಗರಲ್ಲಿ ವಿದ್ಯಾವಂತರು 40 ಜನ ಅಂದುಕೊಳ್ಳಿ. ಆಸ್ಥಾನದ ಕರಣಿಕ ಬೆರಳೆಣಿಸಿ ಮಾಡಬಹುದಾದ ಗುಣಾಕಾರ ಇದು. ಯಾರೂ ಮಾಡುವುದಿಲ್ಲ, ಅಥವಾ ಒಬ್ಬಳು ಮಾಡುತ್ತಾಳೆ, ಅವಳ ಓಲೆ ಕಡತದೊಳಗೆ ಸೇರುತ್ತದೆ. ಇದೂ ಕಲ್ಪನೆಯಲ್ಲ: ಅಮೆರಿಕದಲ್ಲಿ ಜಪಾನೀಯರ ನಿಷ್ಠೆಯ ಬಗ್ಗೆ ಅಧ್ಯಕ್ಷರೇ ತರಿಸಿಕೊಂಡ ಮನ್ಸನ್ ವರದಿ ದಾಳಿಗೆ ಮೊದಲೇ ಕೈಸೇರಿತ್ತು. ಬಹುಪಾಲು ಜನ ನಿಷ್ಠರು ಎಂದೇ ಅದರಲ್ಲಿತ್ತು.

ಇನ್ನು ತೂಬು. ಮಂತ್ರಿ ಒಡೆಸಿದ ಎನ್ನುವುದು ತುಂಬ ಸುಲಭದ ಉತ್ತರ. ನಿಂತ ನೀರು ಬಾಗಿಲನ್ನು ಒತ್ತುವ ಬಲ ಆಳದ ವರ್ಗಕ್ಕೆ ಸಮನಾಗಿ ಏರುತ್ತದೆ. ಹತ್ತು ಅಡಿ ಅಗಲದ ಬಾಗಿಲ ಹಿಂದೆ ಇಪ್ಪತ್ತು ಅಡಿ ನೀರಿದ್ದರೆ ಸುಮಾರು 57 ಟನ್. ಹಬ್ಬದ ತೆಪ್ಪೋತ್ಸವಕ್ಕೆ ಕೆರೆ ತುಂಬಿ ಕಾಣಲಿ ಎಂದು ಮೇಲೆ ಹಲಗೆ ಏರಿಸಿ ನೀರನ್ನು 24 ಅಡಿಗೆ ನಿಲ್ಲಿಸಿದರೆ 82 ಟನ್. ನಾಲ್ಕೇ ಅಡಿಗೆ ನೂರಕ್ಕೆ 44ರಷ್ಟು ಹೆಚ್ಚು. ಸರಪಳಿಗೆ ಎಣ್ಣೆ ಹಾಕುವ ಇನಾಮು ಮೂರು ವರ್ಷದಿಂದ ಪಾವತಿಯಾಗಿಲ್ಲ. ತುಕ್ಕು ಹೆಚ್ಚಾಗಿ ಕೊಂಡಿ ಕೊಂಡಿ ತಾಗುವ ಒಳಮೈಯಲ್ಲಿ ತಿನ್ನುತ್ತದೆ, ಹೊರಗಿನಿಂದ ನೋಡಿದರೆ ಗಟ್ಟಿ. ಆ ರಾತ್ರಿ ಒಂದು ಕೊಂಡಿ ಬಿಟ್ಟಿತು. ಹೀಗಾದರೆ ರಾಜ, ಉತ್ಸವ ಸಮಿತಿ, ಖಜಾನೆ, ಹಲಗೆ ಏರಿಸಿದ ಆಳು ಎಲ್ಲರೂ ಸ್ವಲ್ಪ ಸ್ವಲ್ಪ ಪಾಲುದಾರರು. ಇಷ್ಟು ಜನಕ್ಕೆ ಬೇರೊಬ್ಬ ಅಪರಾಧಿ ಬೇಕಾಗಿರುವಾಗ ಸಂಚು ಹೂಡುವ ಮಂತ್ರಿಯ ಅಗತ್ಯವೇ ಬೀಳುವುದಿಲ್ಲ. ನೀಲಿಯ ಪಯಣಕ್ಕೂ ಗುರಿ ಬದಲಿಸಿ: ನದಿಯ ಮೂಲದ ಬದಲು, ಪ್ರವಾಹದಲ್ಲಿ ಕೊಚ್ಚಿಹೋದ ಆ ಮುರಿದ ಕೊಂಡಿಯನ್ನು ಹುಡುಕಿಕೊಂಡು ಕೆಳದಂಡೆಗೆ ಹೋಗಲಿ.

ತೆಪ್ಪದಹುಟ್ಟು:

ಕೊಂಡಿಯ ಹುಡುಕಾಟ ತುಂಬ ಹಿಡಿಸಿತು, ಕಥೆಯ ನಕ್ಷೆಯನ್ನೇ ತಿರುಗಿಸಬೇಕಾಗುತ್ತದೆ, ಆಗಲಿ. ಎರಡು ಅನುಮಾನ ಉಳಿದಿವೆ. ಊರಿನಲ್ಲಿ ಒಳ್ಳೆಯವರೂ ಇರಬೇಕಲ್ಲ, ಅವರನ್ನು ಸಿಹಿಯಾಗದಂತೆ ಬರೆಯುವುದು ಹೇಗೆ? ಮತ್ತು ಮೊದಲ ರಾತ್ರಿ, ದ್ವೇಷ ಇನ್ನೂ ಹುಟ್ಟದ ಆ ಹೊತ್ತು, ಹರಿಗೋಲಿಗರು ಏನು ಮಾಡುತ್ತಿರುತ್ತಾರೆ?

ದಡದಾಚೆ:

ಎರಡನೆಯದಕ್ಕೆ ಮೊದಲು. ಊರು ಮುಳುಗುತ್ತಿದೆ, ದೋಣಿ ಇರುವುದು ಅವರ ಹತ್ತಿರ ಮಾತ್ರ. ಅವರು ರಾತ್ರಿಯಿಡೀ ಜನರನ್ನು ಎತ್ತುತ್ತಿರುತ್ತಾರೆ! ಬಿದಿರು ಹೆಣೆದು ತೊಗಲು ಹೊದಿಸಿದ ಸಾಧಾರಣ ಹರಿಗೋಲಿನಲ್ಲಿ ಹುಟ್ಟು ಹಾಕುವವನನ್ನು ಬಿಟ್ಟು ಏಳೆಂಟು ಜನ. ಪ್ರವಾಹದಲ್ಲಿ ಅದು ಸುತ್ತುತ್ತದೆ, ಗಾಬರಿಯಾದವರು ಒಂದೇ ಅಂಚಿಗೆ ಒರಗಿದರೆ ಮಗುಚುತ್ತದೆ. ಆದ್ದರಿಂದ ಐದಕ್ಕಿಂತ ಹೆಚ್ಚು ಹತ್ತಿಸಲಾಗದು, ಯಾರನ್ನು ಬಿಡುವುದು ಎಂದು ಪ್ರತಿ ಸಲ ಆರಿಸಬೇಕು. ಮೂರು ವಾರದ ಮೇಲೆ ಇದೇ ಅಪವಾದವಾಗುತ್ತದೆ: ಅವರ ದೋಣಿ ಅಷ್ಟು ಬೇಗ ಹೇಗೆ ಸಿದ್ಧವಾಗಿತ್ತು? ನನ್ನ ತಮ್ಮನನ್ನು ಯಾಕೆ ಬಿಟ್ಟರು? 1942ರಲ್ಲಿ ಪಶ್ಚಿಮ ಕರಾವಳಿಯ ಸೇನಾಧಿಪತಿ ಡಿವಿಟ್ ಕೊಟ್ಟ ವಾದವೂ ಇದೇ ಜಾತಿಯದು. ಇದುವರೆಗೆ ಒಂದೂ ವಿಧ್ವಂಸಕ ಕೃತ್ಯ ನಡೆದಿಲ್ಲ ಎಂಬುದೇ ಮುಂದೆ ನಡೆಯಲಿದೆ ಎಂಬುದಕ್ಕೆ ಸೂಚನೆ ಎಂದು ಆತ ಬರೆದ.

ಆ ತಮ್ಮನನ್ನು ಕಳೆದುಕೊಂಡವಳಿಗೆ ಹೆಸರು ಕೊಡಿ, ಮನೆ ಕೊಡಿ. ಕರಡಿನ ಸಾರಾಂಶದಲ್ಲಿ 4,000 ಸಾವು ಒಂದು ಸಂಖ್ಯೆಯಾಗಿ ಬಂದು ಹೋಗುತ್ತದೆ. ಸತ್ತವರಿಗಾಗಿ ಓದುಗ ಅಳದಿದ್ದರೆ, ಬದುಕಿದವರು ಯಾಕೆ ಕುರುಡಾದರು ಎಂಬುದು ಅರ್ಥವಾಗುವುದಿಲ್ಲ.

ಒಳ್ಳೆಯವರ ಬಗ್ಗೆ: ಅವರಿಗೆ ಮಾತು ಕಡಿಮೆ, ಕೆಲಸ ಹೆಚ್ಚು ಕೊಡಿ, ಆ ಕೆಲಸಕ್ಕೆ ಬೆಲೆ ಇರಲಿ. ಕ್ಯಾಲಿಫೋರ್ನಿಯಾದ ಫ್ಲೋರಿನ್ನಿನಲ್ಲಿ ಬಾಬ್ ಫ್ಲೆಚರ್ ಎಂಬ ಕೃಷಿ ತನಿಖಾಧಿಕಾರಿ ಕೆಲಸ ಬಿಟ್ಟು, ಶಿಬಿರಕ್ಕೆ ಹೋದ ಮೂರು ಜಪಾನೀ ಕುಟುಂಬಗಳ 90 ಎಕರೆ ದ್ರಾಕ್ಷಿ ತೋಟ ನೋಡಿಕೊಂಡರು. ಸಾಲದ ಕಂತು, ತೆರಿಗೆ ಕಟ್ಟಿದರು. ಲಾಭವೆಲ್ಲ ಅವರೇ ಇಟ್ಟುಕೊಳ್ಳಲಿ ಎಂದಿತ್ತು ಒಪ್ಪಂದ, ಅವರು ಅರ್ಧ ಮಾತ್ರ ತೆಗೆದುಕೊಂಡರು. ಮನೆಯವರ ಕೋಣೆಯಲ್ಲಿ ಮಲಗದೆ ಕೂಲಿಯವರ ಬಿಡಾರದಲ್ಲಿ ಇದ್ದರು. ಅವರ ಕಡೆ ಗುಂಡು ಹಾರಿಸಿದವರೂ ಇದ್ದರು. ಕೊಲರಾಡೊ ಗವರ್ನರ್ ರಾಲ್ಫ್ ಕಾರ್ ಶಿಬಿರಗಳು ಸಂವಿಧಾನಕ್ಕೆ ವಿರುದ್ಧ ಎಂದು ಬಹಿರಂಗವಾಗಿ ಹೇಳಿದರು, ಅದೇ ವರ್ಷದ ಸೆನೆಟ್ ಚುನಾವಣೆ ಸೋತರು. 1923ರಲ್ಲಿ ಯೊಕೊಹಾಮಾದ ತ್ಸುರುಮಿ ಠಾಣೆಯ ಮುಖ್ಯಸ್ಥ ಒಕಾವಾ ತ್ಸುನೆಕಿಚಿ ಸುಮಾರು 300 ಜನರನ್ನು ಠಾಣೆಯೊಳಗೆ ಇಟ್ಟುಕೊಂಡು ಹೊರಗೆ ನೆರೆದ ಗುಂಪನ್ನು ತಡೆದರು. ಮೂವರೂ ತಮ್ಮ ಕೈಯಲ್ಲಿದ್ದ ಅಧಿಕಾರವನ್ನೋ ಹತಾರವನ್ನೋ ಬಳಸಿದವರು. ನಿಮ್ಮ ಊರಿನ ಒಳ್ಳೆಯವನ ಕೈಯಲ್ಲಿ ಏನಿದೆ? ಕಡತ ಬರೆಯುವ ಕರಣಿಕನಾದರೆ ಒಂದು ಪುಟ ಕಳೆದುಹಾಕಬಲ್ಲ. ಎಷ್ಟು ಹೆಸರು ಒಂದು ಪುಟದಲ್ಲಿ? ಹನ್ನೆರಡು. ಹನ್ನೆರಡು ಮನೆ ಉಳಿಯಿತು, ಹದಿಮೂರನೆಯದು ಇಲ್ಲ.

ನಮ್ಮ ನೆಲದ ಉದಾಹರಣೆಗಳನ್ನೂ ನೋಡಿ. 1962ರ ಚೀನಾ ಯುದ್ಧದ ಹೊತ್ತಿನಲ್ಲಿ ಅಸ್ಸಾಂ, ಶಿಲ್ಲಾಂಗ್, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು ರೈಲಿನಲ್ಲಿ ರಾಜಸ್ಥಾನದ ದೇವ್ಲಿ ಶಿಬಿರಕ್ಕೆ ಒಯ್ದರು. ತಲೆಮಾರುಗಳಿಂದ ಚಹಾ ತೋಟಗಳಲ್ಲಿ, ಬಡಗಿ ಕೆಲಸದಲ್ಲಿ ಇದ್ದವರು. ಕದನವಿರಾಮ ನವೆಂಬರ್ 21ಕ್ಕೇ ಆಯಿತು, ಕೆಲವರು ಶಿಬಿರದಲ್ಲಿ ಉಳಿದದ್ದು 1967ರವರೆಗೆ. ಯುದ್ಧ ಒಂದು ತಿಂಗಳು, ಶಿಕ್ಷೆ ನಾಲ್ಕೂವರೆ ವರ್ಷ. ಕಾದಂಬರಿಯಲ್ಲಿ ಕಾಲದ ಈ ಅಸಮತೆ ಕಾಣಲಿ. ಇನ್ನೊಂದು ಬೆಂಗಳೂರಿನದು, 2012ರ ಆಗಸ್ಟ್. ಅಸ್ಸಾಮಿನ ಗಲಭೆಯ ನಂತರ 'ಇಲ್ಲಿ ನಿಮ್ಮ ಮೇಲೆ ದಾಳಿಯಾಗುತ್ತದೆ' ಎಂಬ ಎಸ್ಸೆಮ್ಮೆಸ್ಸುಗಳು ಈಶಾನ್ಯದವರ ನಡುವೆಯೇ ಹರಿದವು. ಸಾವಿರಾರು ಜನ ಸಿಟಿ ರೈಲು ನಿಲ್ದಾಣಕ್ಕೆ ನುಗ್ಗಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಕೇಂದ್ರ ಸರ್ಕಾರ 15 ದಿನ ಸಾಮೂಹಿಕ ಎಸ್ಸೆಮ್ಮೆಸ್ಸನ್ನು ಐದಕ್ಕೆ ಇಳಿಸಿತು. ಗಾಳಿಮಾತು ಹೊಡೆಯುವವರ ಕಿವಿಗೆ ಮಾತ್ರ ಬೀಳುತ್ತದೆಂದು ತಿಳಿಯಬೇಡಿ, ಹೊಡೆಸಿಕೊಳ್ಳುವವರ ಕಿವಿಗೆ ಮೊದಲು ಬೀಳಬಹುದು. ಕೇರಿ ಅರ್ಧ ಖಾಲಿಯಾದ ಮೇಲೆ 'ತಪ್ಪಿಲ್ಲದಿದ್ದರೆ ಯಾಕೆ ಓಡಿದರು' ಎಂಬ ಮಾತು ಬರುತ್ತದೆ.

ಹಳೆಗಡತ:

ಕ್ಷಮೆಯ ಭಾಗ ಉಳಿಯಿತು. ಸಪ್ಪೆಯಾಗುವುದು ಅದು ಬೇಗ ಬರುವುದರಿಂದ, ಮತ್ತು ಬಿಟ್ಟಿಯಾಗಿ ಬರುವುದರಿಂದ. ಕೊರೆಮಾತ್ಸು ಎಂಬ ಯುವಕ ಆದೇಶ ಧಿಕ್ಕರಿಸಿ ಹೂಡಿದ ವ್ಯಾಜ್ಯವನ್ನು ಅಮೆರಿಕದ ಸುಪ್ರೀಂ ಕೋರ್ಟು 1944ರಲ್ಲಿ 6-3ರಿಂದ ತಳ್ಳಿಹಾಕಿತು. ಅವರ ಶಿಕ್ಷೆಯನ್ನು ಕೆಳಕೋರ್ಟು ರದ್ದು ಮಾಡಿದ್ದು 1983ರಲ್ಲಿ. ಅದೇ ವರ್ಷ ಸಂಸತ್ತಿನ ಆಯೋಗ ಮೂರು ಕಾರಣ ಹೆಸರಿಸಿತು: ಜನಾಂಗದ್ವೇಷ, ಯುದ್ಧದ ಉನ್ಮಾದ, ರಾಜಕೀಯ ನಾಯಕತ್ವದ ಸೋಲು. 1988ರ ಕಾಯಿದೆ ತಲಾ 20,000 ಡಾಲರ್ ಕೊಟ್ಟಿತು, ಆದರೆ ಕಾಯಿದೆಗೆ ಸಹಿ ಬಿದ್ದ ದಿನ ಬದುಕಿದ್ದವರಿಗೆ. ಮೊದಲ ಚೆಕ್ಕು 1990ರಲ್ಲಿ, ಅತಿ ಹಿರಿಯರಿಂದ ಶುರು, ಅವರಲ್ಲಿ ನೂರು ದಾಟಿದವರಿದ್ದರು. ತೋಟ ಕಳೆದುಕೊಂಡ ಅಪ್ಪಂದಿರಲ್ಲಿ ಬಹಳ ಜನ ಅಷ್ಟು ಹೊತ್ತಿಗೆ ಇರಲಿಲ್ಲ.

ನಡುವೆ ಇನ್ನೊಂದು ಘಟ್ಟ ಇದೆ, ಅದಿಲ್ಲದೆ ಶಿಬಿರದ ಅಧ್ಯಾಯ ಬರೆಯಬೇಡಿ. 1943ರ ಆರಂಭದಲ್ಲಿ 17 ದಾಟಿದವರಿಗೆಲ್ಲ ಪ್ರಶ್ನಾವಳಿ ಕೊಟ್ಟರು. 27ನೆಯದು ಸೇನೆಗೆ ಸೇರುವಿರಾ ಎಂದು. 28ನೆಯದು ಅಮೆರಿಕಕ್ಕೆ ನಿಷ್ಠರಾಗಿದ್ದು ಜಪಾನ್ ಚಕ್ರವರ್ತಿಯ ಮೇಲಿನ ನಿಷ್ಠೆ ತೊರೆಯುವಿರಾ ಎಂದು. ಅಲ್ಲೇ ಹುಟ್ಟಿದವನು ಹೌದು ಎಂದರೆ ಮೊದಲು ಆ ನಿಷ್ಠೆ ಇತ್ತು ಎಂದು ಒಪ್ಪಿದಂತೆ. ಅವನ ಅಪ್ಪನಿಗೆ ಅಮೆರಿಕದ ಪೌರತ್ವ ಪಡೆಯಲು ಕಾನೂನೇ ಬಿಡುತ್ತಿರಲಿಲ್ಲ, ಆತ ಹೌದು ಎಂದರೆ ಯಾವ ದೇಶಕ್ಕೂ ಸೇರದವನಾಗಬೇಕು. ಎರಡಕ್ಕೂ ಇಲ್ಲ ಎಂದವರನ್ನು ಟೂಲಿ ಲೇಕ್ ಶಿಬಿರಕ್ಕೆ ಬೇರ್ಪಡಿಸಿದರು. ಒಂದೇ ಮನೆಯಲ್ಲಿ ಹೌದು-ಇಲ್ಲಗಳು ಹುಟ್ಟಿ ಮನೆಗಳು ಒಡೆದವು. ಮ್ಯಾನ್‌ಜನಾರ್ ಶಿಬಿರದಲ್ಲಿ 20 ಅಡಿಗೆ 25 ಅಡಿಯ ಕೋಣೆಗೆ ಎಂಟು ಜನ, ಆ ವಾಗ್ವಾದ ನಡೆಯುವುದು ಅಷ್ಟು ಜಾಗದಲ್ಲಿ, ಪಕ್ಕದ ಕೋಣೆಗೆ ಕೇಳಿಸುವಂತೆ. ನೀಲಿಯ ಅಣ್ಣ ಹೌದು ಎನ್ನಲಿ, ಅಪ್ಪ ಇಲ್ಲ ಎನ್ನಲಿ. ಇಬ್ಬರೂ ಸರಿ ಎಂದು ಓದುಗನಿಗೆ ಅನ್ನಿಸಬೇಕು.

ಅಂತ್ಯಕ್ಕೆ ಲಂಡನ್ನಿನ ಒಂದು ಕಲ್ಲು ಸಾಲ ಕೊಡುತ್ತೇನೆ. 1666ರ ಮಹಾ ಬೆಂಕಿ ಒಂದು ರೊಟ್ಟಿ ಅಂಗಡಿಯಲ್ಲಿ ಹತ್ತಿತು. ರಾಬರ್ಟ್ ಹ್ಯೂಬರ್ಟ್ ಎಂಬ ಫ್ರೆಂಚ್ ಗಡಿಯಾರದವ ತಾನೇ ಹಚ್ಚಿದೆ ಎಂದು ಒಪ್ಪಿಕೊಂಡ, ಅವನನ್ನು ನೇಣು ಹಾಕಿದರು. ಆಮೇಲೆ ತಿಳಿದದ್ದು, ಬೆಂಕಿ ಹತ್ತಿ ಎರಡು ದಿನವಾದ ಮೇಲೆ ಅವನು ಲಂಡನ್ನಿಗೆ ಬಂದಿದ್ದ. ಆದರೂ 1681ರಲ್ಲಿ ಸ್ಮಾರಕ ಸ್ತಂಭದ ಮೇಲೆ ಈ ಕೇಡು ಕ್ಯಾಥೊಲಿಕರದು ಎಂಬ ಸಾಲು ಕೆತ್ತಿದರು. ಕ್ಯಾಥೊಲಿಕ್ ರಾಜ ಬಂದಾಗ ಅಳಿಸಿದರು, ಅವನು ಹೋದ ಮೇಲೆ ಮತ್ತೆ ಕೆತ್ತಿದರು, ಕೊನೆಗೆ ತೆಗೆದದ್ದು 1830ರಲ್ಲಿ. ಅಣೆಕಟ್ಟಿನ ಮೇಲೆ ಅಂಥದೊಂದು ಕಲ್ಲು ನಿಲ್ಲಿಸಿ. ನೀಲಿ ಮುರಿದ ಕೊಂಡಿಯನ್ನು ತಂದು ಆಸ್ಥಾನದಲ್ಲಿ ಇಡುತ್ತಾಳೆ, ಅದನ್ನು ತೂಗಿ, ಬರೆದು, ಉಗ್ರಾಣಕ್ಕೆ ಹಾಕುತ್ತಾರೆ. ಕಲ್ಲು ಹಾಗೇ ಇರುತ್ತದೆ. ಕೊನೆಯ ಅಧ್ಯಾಯದಲ್ಲಿ ಮುದುಕಿ ನೀಲಿ ಮೊಮ್ಮಗಳ ಕೈಹಿಡಿದು ಬಂದಾಗ ಕಲ್ಕುಟಿಗ ಆ ಸಾಲನ್ನು ಉಳಿಯಿಂದ ಕೀಳುತ್ತಿರುತ್ತಾನೆ, ಕೂಲಿ ಅಕ್ಷರಕ್ಕೆ ಇಷ್ಟು ಎಂದು. ಎಷ್ಟು ಅಕ್ಷರ ಆಯಿತು ಎಂದು ಅವಳು ಕೇಳಲಿ.

ತೆಪ್ಪದಹುಟ್ಟು:

ಮಂತ್ರಿಯನ್ನು ತೆಗೆದೆ. ಆರನೇ ಅಧ್ಯಾಯ ಈಗ ಐದು ಭಾಗ: ದೋಣಿಗಳ ರಾತ್ರಿ, ಕಡತ, ಚಾವಡಿ, ಕಾವಲುಗಟ್ಟೆ, ಆರು ದಿನದ ಮಾರಾಟ. ತಮ್ಮನನ್ನು ಕಳೆದುಕೊಂಡವಳ ಹೆಸರು ಗಂಗೆ, ಕೆಳಪೇಟೆಯಲ್ಲಿ ಬಳೆ ಅಂಗಡಿ. ನೀಲಿಯ ಅಪ್ಪನ ಹರಿಗೋಲನ್ನು ಕೊಳ್ಳುವವಳು ಅವಳೇ. ಬೆಲೆ ಇನ್ನೂ ಗೊತ್ತುಮಾಡಿಲ್ಲ.